ನಿಮ್ಮ ಸಂಶೋಧನೆಯನ್ನು ಹೋಲುವ ಕೆಲಸ ಆಗಲೇ ಪ್ರಕಟವಾಗಿದೆ ಎಂದು ತಿಳಿದಾಗ

ಎರಡು ಮೂರು ವರ್ಷ ದುಡಿದ ವಿಷಯದ ಮೇಲೆ ಬೇರೆ ಯಾರೋ ಆಗಲೇ ಬರೆದು ಪ್ರಕಟಿಸಿದ್ದಾರೆ ಎಂಬ ಸಂಗತಿ ಸಾಮಾನ್ಯವಾಗಿ ನಾವು ಅದನ್ನು ಹುಡುಕದೇ ಇರುವಾಗ ಎದುರಾಗುತ್ತದೆ. ಅಡಿಟಿಪ್ಪಣಿಯೊಂದರ ಪುಟಸಂಖ್ಯೆಯನ್ನು ಸರಿನೋಡಲು ಹೋದಾಗಲೋ, ಶೋಧಗಂಗಾ ಜಾಲತಾಣದಲ್ಲಿ ಬೇರೊಂದು ಮಹಾಪ್ರಬಂಧವನ್ನು ಹುಡುಕುವಾಗಲೋ, ಸಹಪಾಠಿಯೊಬ್ಬರು ‘ಇದು ನಿಮ್ಮ ವಿಷಯವೇ ಅಲ್ಲವೇ’ ಎಂದು ಕೊಂಡಿ ಕಳುಹಿಸಿದಾಗಲೋ ಆ ಶೀರ್ಷಿಕೆ ಕಣ್ಣಿಗೆ ಬೀಳುತ್ತದೆ, ಎದೆ ಧಸಕ್ಕೆನ್ನುತ್ತದೆ. ಆ ಗಳಿಗೆಯಿಂದ ಮುಂದೆ ಯಾವ ಯಾವ ಹೆಜ್ಜೆಗಳನ್ನು ಇಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ನಾನು ಕಂಡಂತೆ ಸಂಶೋಧನೆ ಕೆಡುವುದು ಎರಡನೆಯವರಾದ ಕಾರಣಕ್ಕಲ್ಲ. ಮೊದಲಿನವರ ಬರಹವನ್ನು ಪೂರ್ತಿ ಓದದೆ ಗಾಬರಿಯಲ್ಲಿ ಕೈಗೊಂಡ ತೀರ್ಮಾನದಿಂದ, ಇಲ್ಲವೇ ಅದನ್ನು ಕಂಡೂ ಕಾಣದಂತೆ ಬರೆದುಬಿಡುವುದರಿಂದ.

ಮೊದಲ ವಾರದಲ್ಲಿ ಮಾಡಬೇಕಾದದ್ದು

ಆ ಲೇಖನ ಅಥವಾ ಮಹಾಪ್ರಬಂಧ ಕೈಗೆ ಸಿಕ್ಕ ದಿನವೇ ಅದರ ಪೂರ್ಣ ಪ್ರತಿಯನ್ನು ಇಳಿಸಿಕೊಂಡು, ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಅದು ನಿಮಗೆ ದೊರೆತ ದಿನಾಂಕವನ್ನೂ, ಹೇಗೆ ದೊರೆಯಿತು ಎಂಬುದನ್ನೂ ಬರೆದಿಡಿ. ನಿಮ್ಮ ಕರಡು ಆ ದಿನ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಪ್ರತ್ಯೇಕ ಕಡತವಾಗಿ ಉಳಿಸಿ ಮಾರ್ಗದರ್ಶಕರಿಗೆ ಇಮೇಲ್ ಮಾಡಿ. ನಿಮ್ಮ ಕೆಲಸ ಆ ಬರಹವನ್ನು ನೋಡುವ ಮೊದಲೇ ಎಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಮುಂದೆ ಯಾರಾದರೂ ಆಧಾರ ಕೇಳಿದರೆ ಈ ಕಡತ, ಕ್ಷೇತ್ರಕಾರ್ಯದ ಟಿಪ್ಪಣಿಗಳು, ಪ್ರಯೋಗಾಲಯದ ದಿನಚರಿ ಮತ್ತು ಪ್ರಗತಿ ವರದಿಗಳು ನಿಮ್ಮ ನೆರವಿಗೆ ಬರುತ್ತವೆ. ಇಷ್ಟು ಮಾಡಿದ ಮೇಲೆ ಕರಡನ್ನು ಒಂದು ವಾರ ಮುಟ್ಟಬೇಡಿ. ಹೊಸದಾಗಿ ಓದಿದ ವಾದವು ನಮಗೆ ಅರಿವಿಲ್ಲದಂತೆಯೇ ನಮ್ಮ ವಾಕ್ಯಗಳೊಳಗೆ ಸೇರಿಕೊಳ್ಳುವುದು ಈ ದಿನಗಳಲ್ಲೇ.

ಬಳಿಕ ಓದು. ಶೀರ್ಷಿಕೆ ಮತ್ತು ಸಾರಾಂಶವನ್ನು ಮಾತ್ರ ನೋಡಿ ‘ಎಲ್ಲವೂ ಮುಗಿಯಿತು’ ಎಂದುಕೊಳ್ಳುವವರು ಬಹಳ ಮಂದಿ. ಸಾರಾಂಶವು ಲೇಖನ ಸಾಧಿಸಿದ್ದಕ್ಕಿಂತ ತುಸು ಹೆಚ್ಚನ್ನೇ ಹೇಳುವುದು ವಾಡಿಕೆ. ಆದ್ದರಿಂದ ಮೊದಲ ಸಲ ಆರಂಭದಿಂದ ಕೊನೆಯವರೆಗೆ ಪೆನ್ನು ಹಿಡಿಯದೆ ಓದಿ. ಎರಡನೆಯ ಸಲ ವಿಧಾನ, ಕೋಷ್ಟಕಗಳು ಮತ್ತು ಮಿತಿಗಳನ್ನು ಹೇಳುವ ಭಾಗವನ್ನು ಗುರುತು ಹಾಕುತ್ತಾ ಓದಿ. ಮಹಾಪ್ರಬಂಧವಾದರೆ ಅನುಬಂಧಗಳನ್ನೂ ಬಿಡಬೇಡಿ, ಏಕೆಂದರೆ ಲೇಖಕರು ಸಂಗ್ರಹಿಸಿಯೂ ವಿಶ್ಲೇಷಿಸದೆ ಬಿಟ್ಟ ಸಾಮಗ್ರಿ ಇರುವುದು ಹೆಚ್ಚಾಗಿ ಅಲ್ಲಿಯೇ.

ಹೋಲಿಕೆ ನಿಜವಾಗಿ ಎಲ್ಲಿದೆ

ಈಗ ಒಂದು ಹಾಳೆಯಲ್ಲಿ ಎರಡೂ ಕೆಲಸಗಳನ್ನು ಪಕ್ಕಪಕ್ಕದಲ್ಲಿ ಇಡಬೇಕು: ಕೇಳಿದ ಪ್ರಶ್ನೆ ಯಾವುದು, ಆಧರಿಸಿದ ಸಾಮಗ್ರಿ ಯಾವುದು, ಅನುಸರಿಸಿದ ವಿಧಾನ ಯಾವುದು, ಕಂಡುಕೊಂಡ ಫಲಿತ ಯಾವುದು, ಆ ಫಲಿತದಿಂದ ಹೊರಡಿಸಿದ ನಿಲುವು ಯಾವುದು. ‘ವಿಷಯ ಒಂದೇ’ ಎಂಬ ಮಾತು ಈ ಐದರಲ್ಲಿ ಯಾವುದು ಒಂದೇ ಎಂಬುದನ್ನು ತಿಳಿಸುವುದಿಲ್ಲ. ಗಾಬರಿಯೆಲ್ಲ ಹುಟ್ಟುವುದು ಆ ಅಸ್ಪಷ್ಟತೆಯಿಂದ.

ಉದಾಹರಣೆಗೆ ನೀವು ಕೋಲಾರ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಕೆರೆಗಳ ನಿರ್ವಹಣೆ ಹೇಗೆ ಕುಸಿಯಿತು ಎಂಬುದನ್ನು ಅಭ್ಯಸಿಸುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಇದೇ ಪ್ರದೇಶದ ಕೆರೆಗಳ ಬಗ್ಗೆ ಉಪಗ್ರಹ ಚಿತ್ರಗಳನ್ನು ಬಳಸಿದ ಲೇಖನವೊಂದು ಪ್ರಕಟವಾಗಿದೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆದರೆ ಅವರ ಸಾಮಗ್ರಿ ನೀರು ಹರಡಿದ ವಿಸ್ತೀರ್ಣದ ಅಳತೆ. ನಿಮ್ಮದು ಪಂಚಾಯಿತಿಯ ಕಡತಗಳು ಮತ್ತು ತೂಬು ಎತ್ತಿ ನೀರು ಹಂಚುತ್ತಿದ್ದ ನೀರುಗಂಟಿಗಳ ಮನೆತನದವರೊಡನೆ ನಡೆಸಿದ ಮಾತುಕತೆ. ಯಾವ ವರ್ಷದಲ್ಲಿ ಕೆರೆ ಬತ್ತಿತು ಎಂಬುದನ್ನು ಅವರು ನಿಮಗಿಂತ ಖಚಿತವಾಗಿ ಹೇಳಬಲ್ಲರು. ಆ ವರ್ಷ ಊರಿನಲ್ಲಿ ಏನು ನಡೆಯಿತು, ನೀರುಗಂಟಿಗೆ ಸಲ್ಲುತ್ತಿದ್ದ ಧಾನ್ಯ ಯಾವಾಗ ನಿಂತಿತು ಎಂಬುದನ್ನು ನೀವು ಮಾತ್ರ ಹೇಳಬಲ್ಲಿರಿ. ಇಂಥಲ್ಲಿ ಮೊದಲ ಲೇಖನ ನಿಮ್ಮ ಪ್ರಬಂಧಕ್ಕೆ ಆಧಾರಸ್ತಂಭವೇ ಆಗುತ್ತದೆ. ಎರಡು ಬೇರೆ ದಾರಿಗಳಿಂದ ಹೊರಟವರು ಒಂದೇ ಫಲಿತಕ್ಕೆ ಬಂದರೆ ಆ ಫಲಿತ ಗಟ್ಟಿಯಾಗುತ್ತದೆ. ಬೇರೆ ಬೇರೆ ಫಲಿತಗಳಿಗೆ ಬಂದರೆ, ಏಕೆ ಹಾಗಾಯಿತು ಎಂಬ ಪ್ರಶ್ನೆ ನಿಮ್ಮ ಮೂಲ ಪ್ರಶ್ನೆಗಿಂತ ಹೆಚ್ಚು ಬೆಲೆಬಾಳಬಹುದು.

ಐದಕ್ಕೆ ಐದೂ ಒಂದೇ ಆಗಿರುವುದು ಅಪರೂಪ, ಆದರೆ ಅದೂ ಉಂಟು. ಹಾಗೆ ಆದಾಗ ಏನು ಮಾಡಬಹುದು ಎಂಬುದಕ್ಕೆ ಶ್ರೀನಿವಾಸ ರಾಮಾನುಜನ್ನರ ಬದುಕಿನಲ್ಲಿಯೇ ಒಂದು ಉದಾಹರಣೆಯಿದೆ. ಇಂದು ರೋಜರ್ಸ್–ರಾಮಾನುಜನ್ ನಿತ್ಯಸಮೀಕರಣಗಳೆಂದು ಹೆಸರಾದ ಎರಡು ಸೂತ್ರಗಳನ್ನು ರಾಮಾನುಜನ್ ಇಂಗ್ಲೆಂಡಿಗೆ ಹೋಗುವ ಮುನ್ನವೇ ಸ್ವಂತವಾಗಿ ಕಂಡುಕೊಂಡಿದ್ದರು, ಆದರೆ ಅವರ ಬಳಿ ಸಾಧನೆ, ಅಂದರೆ ಅವು ಸರಿಯೆಂದು ತೋರಿಸುವ ಗಣಿತದ ಪುರಾವೆ, ಇರಲಿಲ್ಲ. ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರು ಅವನ್ನು ಬೇರೆ ಗಣಿತಜ್ಞರಿಗೆ ತೋರಿಸಿದರೂ ಯಾರಿಂದಲೂ ಸಾಧಿಸಲಾಗಲಿಲ್ಲ. ಗಣಿತಜ್ಞ ಮ್ಯಾಕ್‌ಮೋಹನ್ 1916ರಲ್ಲಿ ಅವನ್ನು ಸಾಧನೆಯಿಲ್ಲದ ಸೂತ್ರಗಳೆಂದೇ ತಮ್ಮ ಗ್ರಂಥದಲ್ಲಿ ಅಚ್ಚು ಹಾಕಿಸಿದರು. 1917ರಲ್ಲಿ ರಾಮಾನುಜನ್ ಲಂಡನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಹಳೆಯ ಸಂಪುಟಗಳನ್ನು ತಿರುವಿಹಾಕುತ್ತಿದ್ದಾಗ, ಎಲ್. ಜೆ. ರೋಜರ್ಸ್ 1894ರಲ್ಲಿಯೇ ಅದೇ ಸೂತ್ರಗಳನ್ನು ಸಾಧನೆಯ ಸಮೇತ ಪ್ರಕಟಿಸಿದ್ದುದು ಅವರ ಕಣ್ಣಿಗೆ ಬಿತ್ತು. ಇಪ್ಪತ್ತಮೂರು ವರ್ಷ ಯಾರೂ ಗಮನಿಸದೆ ಉಳಿದಿದ್ದ ಲೇಖನ ಅದು. ರಾಮಾನುಜನ್ ಅದನ್ನು ಮುಚ್ಚಿಡಲಿಲ್ಲ, ತಮ್ಮ ಕೆಲಸವನ್ನು ಕೈಬಿಡಲೂ ಇಲ್ಲ. ಇಬ್ಬರ ನಡುವೆ ಪತ್ರವ್ಯವಹಾರ ನಡೆಯಿತು, ಅದರಿಂದ ಮೊದಲಿನದಕ್ಕಿಂತ ಬಹಳ ಸರಳವಾದ ಸಾಧನೆ ಹೊರಬಂತು, 1919ರಲ್ಲಿ ಅದು ಇಬ್ಬರ ಹೆಸರಿನಲ್ಲೂ ಪ್ರಕಟವಾಯಿತು. ಇದೇ ಹೊತ್ತಿಗೆ, ಮಹಾಯುದ್ಧದಿಂದಾಗಿ ಇಂಗ್ಲೆಂಡಿನೊಡನೆ ಸಂಪರ್ಕ ಕಡಿದುಹೋಗಿದ್ದ ಜರ್ಮನಿಯಲ್ಲಿ ಶುರ್ ಎಂಬ ಗಣಿತಜ್ಞರೂ ಅದೇ ಸೂತ್ರಗಳನ್ನು ತಾವಾಗಿಯೇ ಕಂಡು ಸಾಧಿಸಿದ್ದರು. ಮೂವರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ಕಡೆಗೆ ಬಂದಿದ್ದರು. ಫಲಿತ ಒಂದೇ ಆದಾಗಲೂ ಅದನ್ನು ತಲುಪುವ ದಾರಿಯನ್ನು ಇನ್ನಷ್ಟು ತಿಳಿಯಾಗಿಸುವ ಕೆಲಸ ಉಳಿದಿರುತ್ತದೆ ಎಂಬುದಕ್ಕಾಗಿ ಈ ಪ್ರಸಂಗವನ್ನು ಇಷ್ಟು ವಿವರವಾಗಿ ಹೇಳಿದ್ದೇನೆ.

ಮಾರ್ಗದರ್ಶಕರಿಗೆ ತಿಳಿಸುವುದು

ಹೋಲಿಕೆಯ ಹಾಳೆ ಸಿದ್ಧವಾದ ಕೂಡಲೇ ಮಾರ್ಗದರ್ಶಕರನ್ನು ಕಾಣಿ. ‘ಸರ್, ನನ್ನ ವಿಷಯವನ್ನು ಬೇರೆಯವರು ಮಾಡಿಬಿಟ್ಟಿದ್ದಾರೆ’ ಎಂದು ಬರಿಗೈಯಲ್ಲಿ ಹೋಗುವುದಕ್ಕೂ, ‘ಮೇಡಂ, ಈ ಲೇಖನ ಪ್ರಕಟವಾಗಿದೆ, ನಮ್ಮ ಎರಡನೆಯ ಅಧ್ಯಾಯದ ಪ್ರಶ್ನೆಯೊಡನೆ ಇಷ್ಟು ಕೂಡುತ್ತದೆ, ಮೂರು ಮತ್ತು ನಾಲ್ಕನೆಯ ಅಧ್ಯಾಯಗಳನ್ನು ಇದು ಮುಟ್ಟಿಲ್ಲ’ ಎಂದು ಹಾಳೆ ಇಡುವುದಕ್ಕೂ ಬಹಳ ಅಂತರವಿದೆ. ಹೇಳಿದರೆ ಬೈಸಿಕೊಳ್ಳಬೇಕಾದೀತು ಎಂದು ತಿಂಗಳುಗಟ್ಟಲೆ ಸುಮ್ಮನಿರುವ ಸಂಶೋಧನಾರ್ಥಿಗಳ ಅಂಜಿಕೆ ನನಗೆ ಅರ್ಥವಾಗುತ್ತದೆ. ಆದರೆ ಮೌಖಿಕ ಪರೀಕ್ಷೆಯ ದಿನ ಬಾಹ್ಯ ಪರೀಕ್ಷಕರು ಅದೇ ಲೇಖನವನ್ನು ಮೇಜಿನ ಮೇಲಿಟ್ಟು ‘ಇದನ್ನು ನೋಡಿಲ್ಲವೇ’ ಎಂದು ಕೇಳಿದರೆ ನಿಮ್ಮೊಡನೆ ಮಾರ್ಗದರ್ಶಕರೂ ತಲೆತಗ್ಗಿಸಬೇಕಾಗುತ್ತದೆ.

ಮುಂದಿನ ತೀರ್ಮಾನ ನೀವು ಯಾವ ಹಂತದಲ್ಲಿದ್ದೀರಿ ಎಂಬುದನ್ನು ಅವಲಂಬಿಸುತ್ತದೆ. ಸಾರಲೇಖ (ಸಂಶೋಧನೆಯ ಯೋಜನೆಯನ್ನು ಹೇಳುವ ಸಿನಾಪ್ಸಿಸ್) ಇನ್ನೂ ಒಪ್ಪಿಗೆಯಾಗಿಲ್ಲದಿದ್ದರೆ ಪ್ರಶ್ನೆಯನ್ನೇ ಬದಲಿಸುವುದು ಸುಲಭ. ಆಗ ಮರುಗುವ ಅಗತ್ಯವಿಲ್ಲ. ದತ್ತಾಂಶ ಸಂಗ್ರಹ ಮುಗಿದಿದ್ದರೆ ದತ್ತಾಂಶವನ್ನು ಬಿಡದೆ ಪ್ರಶ್ನೆಯನ್ನು ಒಂದು ಹೆಜ್ಜೆ ಮುಂದಕ್ಕೆ ಸರಿಸಬೇಕು: ಅವರು ‘ಏನಾಯಿತು’ ಎಂಬುದನ್ನು ತೋರಿಸಿದ್ದರೆ ನೀವು ‘ಏಕೆ’ ಎಂಬುದರ ಕಡೆಗೆ, ಅವರು ಒಂದು ಪ್ರದೇಶವನ್ನು ತೆಗೆದುಕೊಂಡಿದ್ದರೆ ನೀವು ಎರಡು ಪ್ರದೇಶಗಳ ತುಲನೆಯ ಕಡೆಗೆ. ಶೀರ್ಷಿಕೆಯಲ್ಲಿ ಬದಲಾವಣೆ ಬೇಕಾದರೆ ಮಹಾಪ್ರಬಂಧ ಸಲ್ಲಿಸುವ ಮುನ್ನವೇ ಮಾರ್ಗದರ್ಶಕರ ಮೂಲಕ ಡಾಕ್ಟರಲ್ ಕಮಿಟಿಗೆ ಬರೆದುಕೊಳ್ಳಬೇಕು. ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಅದಕ್ಕಿರುವ ಗಡುವನ್ನು ಆ ವಾರವೇ ವಿಚಾರಿಸಿ. ಬರವಣಿಗೆಯೂ ಮುಗಿದಿದ್ದರೆ ರಚನೆಯನ್ನು ಕೆಡಿಸಲು ಹೋಗಬೇಡಿ. ಪೂರ್ವಾಧ್ಯಯನಗಳ ಸಮೀಕ್ಷೆ, ಚರ್ಚೆ ಮತ್ತು ಸಮಾರೋಪ ಈ ಮೂರು ಕಡೆ ಹೊಸ ಲೇಖನಕ್ಕೆ ಸರಿಯಾದ ಜಾಗ ಮಾಡಿಕೊಟ್ಟರೆ ಸಾಕು.

ಲೇಖನವನ್ನು ಪತ್ರಿಕೆಯೊಂದಕ್ಕೆ ಆಗಲೇ ಕಳುಹಿಸಿದ್ದು, ಅದು ಪರಿಶೀಲನೆಯಲ್ಲಿರುವಾಗ ಇನ್ನೊಬ್ಬರದು ಪ್ರಕಟವಾದರೆ ಸಂಪಾದಕರಿಗೆ ನೀವೇ ಬರೆದು ತಿಳಿಸುವುದು ಒಳ್ಳೆಯದು. ಎಲ್ಲ ಪತ್ರಿಕೆಗಳೂ ಇದನ್ನು ತಿರಸ್ಕಾರಕ್ಕೆ ಕಾರಣವೆಂದು ಭಾವಿಸುವುದಿಲ್ಲ. ಪ್ಲೋಸ್ ಬಯಾಲಜಿ ಪತ್ರಿಕೆಯು 2018ರಲ್ಲಿ, ಹೋಲುವ ಲೇಖನವೊಂದು ಪ್ರಕಟವಾದ ಆರು ತಿಂಗಳೊಳಗೆ ಬಂದ ಸ್ವತಂತ್ರ ಕೆಲಸವನ್ನು ‘ಹೊಸತಲ್ಲ’ ಎಂಬ ಕಾರಣಕ್ಕೆ ತಳ್ಳಿಹಾಕುವುದಿಲ್ಲವೆಂದು ಪ್ರಕಟಿಸಿತು. ಸ್ವತಂತ್ರವಾಗಿ ಬಂದ ಎರಡನೆಯ ಫಲಿತ ಮೊದಲನೆಯದನ್ನು ದೃಢಪಡಿಸುತ್ತದೆ ಎಂಬುದು ಅದರ ವಾದ. ಜೀವವಿಜ್ಞಾನದ ಇನ್ನೂ ಕೆಲವು ಪತ್ರಿಕೆಗಳಲ್ಲಿ ಇಂಥ ರಕ್ಷಣೆಯಿದೆ. ನೀವು ಕಳುಹಿಸುವ ಪತ್ರಿಕೆಯ ನಿಯಮಗಳಲ್ಲಿ ಇದನ್ನು ಹುಡುಕಿ ನೋಡಿ.

ಕೆಲಸ ಒಂದು ಹದಕ್ಕೆ ಬಂದಾಗ ಪ್ರಿಪ್ರಿಂಟ್ (ಪತ್ರಿಕೆಯಲ್ಲಿ ಬರುವ ಮೊದಲೇ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ಕರಡು) ಹಾಕುವುದರ ಪ್ರಯೋಜನವೂ ಇಲ್ಲಿಯೇ ಇದೆ. ಭೌತವಿಜ್ಞಾನದವರಿಗೆ 1991ರಿಂದ ಆರ್ಕೈವ್, ಜೀವವಿಜ್ಞಾನದವರಿಗೆ 2013ರಿಂದ ಬಯೋಆರ್ಕೈವ್ ಇದೆ. ಅಲ್ಲಿ ಹಾಕಿದ ದಿನಾಂಕ ಎಲ್ಲರ ಕಣ್ಣೆದುರು ದಾಖಲಾಗುತ್ತದೆ. ದಿನಾಂಕದ ಬೆಲೆ ಏನೆಂಬುದು 1928ರಲ್ಲಿ ಸ್ಪಷ್ಟವಾಯಿತು. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಬೆಳಕಿನ ಹೊಸ ಬಗೆಯ ಚದರಿಕೆಯನ್ನು ಕಂಡದ್ದು ಅದೇ ವರ್ಷದ ಫೆಬ್ರವರಿಯಲ್ಲಿ, ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ದ್ರವಗಳಲ್ಲಿ ಅದನ್ನು ಕಂಡದ್ದೂ ಅದೇ ತಿಂಗಳು. ರಾಮನ್ ತಡಮಾಡಲಿಲ್ಲ: ನೇಚರ್ ಪತ್ರಿಕೆಗೆ ಟಿಪ್ಪಣಿ ಕಳುಹಿಸಿ, ಮಾರ್ಚ್ 16ರಂದು ಬೆಂಗಳೂರಿನಲ್ಲಿ ಉಪನ್ಯಾಸ ನೀಡಿ, ಆ ತಿಂಗಳು ಮುಗಿಯುವುದರೊಳಗೆ ಅದನ್ನು ಅಚ್ಚು ಹಾಕಿಸಿದರು. ಮಾಸ್ಕೋದ ಲೇಖನ ಅಚ್ಚಾದದ್ದು ಜುಲೈನಲ್ಲಿ. ಕಂಡದ್ದನ್ನು ಕಪಾಟಿನಲ್ಲಿಟ್ಟು ಕಾಯುವುದು ವಿಜ್ಞಾನದಲ್ಲಿ ದುಬಾರಿಯಾದೀತು.

ಬರೆಯುವಾಗ ಹೇಗೆ ಹೇಳಬೇಕು

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ ಇದು. ಹಿಂದಿನ ಕೆಲಸವನ್ನು ಪ್ರಬಂಧದ ಮೂಲೆಯಲ್ಲಿ, ಇಪ್ಪತ್ತು ಹೆಸರುಗಳ ನಡುವೆ ಒಂದಾಗಿ ಸೇರಿಸಿ ದಾಟಿಹೋಗುವುದು ಸಲ್ಲದು. ಓದುಗರಿಗೆ ಅದು ಉಲ್ಲೇಖವಾಗಿ ಕಾಣದೆ ಮರೆಮಾಚುವಿಕೆಯಾಗಿ ಕಾಣುತ್ತದೆ. ಪ್ರಸ್ತಾವನೆಯಲ್ಲಿಯೇ ಒಂದು ಪೂರ್ಣ ಪರಿಚ್ಛೇದ ಕೊಡಿ. ಅದರ ಧಾಟಿ ಹೀಗಿರಬಹುದು: ‘ಈ ಅಧ್ಯಯನದ ದತ್ತಾಂಶ ಸಂಗ್ರಹ ಮುಗಿದ ಬಳಿಕ ಇದೇ ಪ್ರಶ್ನೆಯನ್ನು ಎತ್ತಿಕೊಂಡ ಲೇಖನವೊಂದು ನಮ್ಮ ಗಮನಕ್ಕೆ ಬಂದಿತು. ಕೆರೆಗಳ ನೀರಿನ ವಿಸ್ತೀರ್ಣ ಕುಗ್ಗಿದ ಕಾಲವನ್ನು ಆ ಲೇಖನವು ನಿಖರವಾಗಿ ಗುರುತಿಸಿದೆ. ಆ ಫಲಿತವನ್ನು ನಾವು ಒಪ್ಪುತ್ತೇವೆ. ನಿರ್ವಹಣೆಯ ಹೊಣೆ ಯಾರಿಂದ ಯಾರಿಗೆ ಸರಿಯಿತು ಎಂಬುದು ಅದರ ವ್ಯಾಪ್ತಿಗೆ ಬಂದಿಲ್ಲ. ಪ್ರಸ್ತುತ ಅಧ್ಯಯನ ಅದನ್ನು ಕೈಗೆತ್ತಿಕೊಳ್ಳುತ್ತದೆ.’ ಅವರು ಮಾಡಿದ್ದನ್ನು ಮೊದಲು, ಮನಸ್ಸಿಟ್ಟು ಹೇಳಬೇಕು. ಮಾಡದೆ ಬಿಟ್ಟದ್ದನ್ನು ಬಳಿಕ, ದೂರುವ ದನಿಯಿಲ್ಲದೆ ಹೇಳಬೇಕು. ‘ಅವರು ಇದನ್ನು ಗಮನಿಸಲು ವಿಫಲರಾಗಿದ್ದಾರೆ’ ಎಂಬಂಥ ವಾಕ್ಯಗಳು ನಿಮ್ಮ ಕೆಲಸವನ್ನು ಒಂದು ಕೂದಲೆಳೆಯಷ್ಟೂ ಮೇಲೆತ್ತುವುದಿಲ್ಲ.

‘ಸ್ವತಂತ್ರವಾಗಿ’ ಎಂಬ ಪದವನ್ನು ಬಳಸುವ ಮುನ್ನ ಅದು ನಿಜವೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಲೇಖನವನ್ನು ನೋಡುವ ಮುಂಚೆ ಬರೆದ ಭಾಗಕ್ಕೆ ಅದು ಸಲ್ಲುತ್ತದೆ, ನೋಡಿದ ಮೇಲೆ ತಿದ್ದಿದ ಭಾಗಕ್ಕೆ ಸಲ್ಲುವುದಿಲ್ಲ. ‘ಇದೇ ಮೊದಲ ಬಾರಿಗೆ’, ‘ಈವರೆಗೆ ಯಾರೂ ಮಾಡದ’ ಎಂಬ ಮಾತುಗಳನ್ನು ಸಾರಾಂಶದಿಂದ ಹಿಡಿದು ಕೊನೆಯ ಪುಟದವರೆಗೆ ಹುಡುಕಿ ತೆಗೆಯಬೇಕು. ಒಂದು ಕಡೆ ಉಳಿದರೂ ಪರೀಕ್ಷಕರ ಬೆರಳು ಅಲ್ಲಿಗೇ ಹೋಗುತ್ತದೆ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಗಿಡಗಳ ನಿಯಮಗಳನ್ನು 1900ರಲ್ಲಿ ಮತ್ತೆ ಕಂಡವರಲ್ಲಿ ಒಬ್ಬರಾದ ಕಾರ್ಲ್ ಕೊರೆನ್ಸ್, ತಮ್ಮ ಲೇಖನದ ಶೀರ್ಷಿಕೆಯಲ್ಲಿಯೇ ಅದನ್ನು ಮೆಂಡೆಲ್ಲರ ನಿಯಮವೆಂದು ಕರೆದರು. ಮೂವತ್ತನಾಲ್ಕು ವರ್ಷ ಹಿಂದಿನವರಿಗೆ ಸಲ್ಲಬೇಕಾದದ್ದು ಹೀಗೆ ಸಂದಿತು. ಕೊರೆನ್ಸರ ಹೆಸರು ಅದರಿಂದ ಕುಂದಲಿಲ್ಲ.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ತಿಳಿಯಾಗಿಸಬೇಕು. ಯುಜಿಸಿಯ 2018ರ ನಿಯಮಗಳ ಪ್ರಕಾರ ಶೇ. 10ರವರೆಗಿನ ಸಾಮ್ಯಕ್ಕೆ ದಂಡನೆಯಿಲ್ಲ. ತಂತ್ರಾಂಶದ ವರದಿಯಲ್ಲಿ ಶೇ. 6 ಎಂದು ಬಂದರೆ ‘ನನ್ನದು ಹೊಸ ಕೆಲಸ’ ಎಂದು ನಿಶ್ಚಿಂತರಾಗುವವರಿದ್ದಾರೆ. ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು. ವಿಚಾರದ ಹೋಲಿಕೆ ಅದರ ಕಣ್ಣಿಗೆ ಬೀಳುವುದಿಲ್ಲ, ಗ್ರಂಥಾಲಯದ ಕಪಾಟಿನಲ್ಲಿ ಅಚ್ಚಾಗಿಯೇ ಉಳಿದ ಕನ್ನಡ ಪ್ರಬಂಧಗಳಂತೂ ಅದಕ್ಕೆ ಸಿಗುವುದೇ ಇಲ್ಲ.

ಆ ಲೇಖಕರಿಗೆ ಒಂದು ಪತ್ರ ಬರೆಯಿರಿ ಎಂದೂ ಸಲಹೆ ಕೊಡುತ್ತೇನೆ. ‘ಮಾನ್ಯರೇ, ತಮ್ಮ ಲೇಖನವನ್ನು ಓದಿದೆ. ನಾನು ಇದೇ ಪ್ರದೇಶದಲ್ಲಿ ಬೇರೆ ಸಾಮಗ್ರಿಯನ್ನಿಟ್ಟುಕೊಂಡು ಕೆಲಸ ಮಾಡುತ್ತಿದ್ದೇನೆ. ತಮ್ಮ ಎರಡನೆಯ ಕೋಷ್ಟಕದಲ್ಲಿರುವ ಊರುಗಳ ಪೂರ್ಣ ಪಟ್ಟಿಯನ್ನು ಹಂಚಿಕೊಳ್ಳಲು ಸಾಧ್ಯವೇ?’ ಎಂಬಷ್ಟು ಚಿಕ್ಕದಾಗಿದ್ದರೆ ಉತ್ತರ ಬರುವ ಸಂಭವ ಹೆಚ್ಚು. ಒಂದು ಖಚಿತ ಪ್ರಶ್ನೆ ಇರಲಿ. ಅಪ್ರಕಟಿತ ಅಧ್ಯಾಯವನ್ನು ಮೊದಲ ಪತ್ರದಲ್ಲಿಯೇ ಲಗತ್ತಿಸಬೇಡಿ.

ಕಳವಾಗಿದೆ ಎಂಬ ಅನುಮಾನ ಬಂದರೆ ಮಾತ್ರ ಪತ್ರ ಬರೆಯಬೇಡಿ. ಒಂದೇ ಕಾಲದಲ್ಲಿ ಒಂದೇ ಪ್ರಶ್ನೆ ಹಲವರಿಗೆ ಹೊಳೆಯುವುದು ಸಾಮಾನ್ಯವಾದ್ದರಿಂದ, ವಿಚಾರ ಒಂದೇ ಎಂಬುದು ಕಳವಿಗೆ ಸಾಕ್ಷಿಯಲ್ಲ. ನಿಮ್ಮದೇ ವಾಕ್ಯಗಳು, ನಿಮ್ಮದೇ ಅಂಕಿಗಳು, ನೀವು ಮಾಡಿದ್ದ ತಪ್ಪುಗಳೂ ಸೇರಿ ಅಲ್ಲಿ ಕಂಡರೆ, ಮತ್ತು ನಿಮ್ಮ ಕರಡು ಅವರ ಕೈಸೇರಿದ ದಾರಿಯನ್ನು ತೋರಿಸಲು ಸಾಧ್ಯವಿದ್ದರೆ, ಆಗ ದಿನಾಂಕವಾರು ದಾಖಲೆಗಳೊಂದಿಗೆ ಮಾರ್ಗದರ್ಶಕರ ಮೂಲಕ ಸಂಸ್ಥೆಯ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿಗೆ ಅಥವಾ ಪತ್ರಿಕೆಯ ಸಂಪಾದಕರಿಗೆ ಲಿಖಿತ ದೂರು ಕೊಡಬೇಕು. ಸಾಮಾಜಿಕ ಜಾಲತಾಣದಲ್ಲಿ ಮೊದಲು ಬರೆದರೆ ಆ ದೂರು ಬಲ ಕಳೆದುಕೊಳ್ಳುತ್ತದೆ.

ಕನ್ನಡದ ಆಕರಗಳಲ್ಲಿ ಹುಡುಕುವ ಬಗೆ

ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾದಲ್ಲಿ ಮುಗಿದ ಮಹಾಪ್ರಬಂಧಗಳೂ, ಶೋಧಗಂಗೋತ್ರಿಯಲ್ಲಿ ಒಪ್ಪಿಗೆಯಾದ ಸಾರಲೇಖಗಳೂ ಇವೆ. ಎರಡನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಈಗ ನಡೆಯುತ್ತಿರುವ ಕೆಲಸದ ಸುಳಿವು ಸಿಗುವುದು ಅಲ್ಲಿ. ಕನ್ನಡದ ವಿಷಯವನ್ನು ಕನ್ನಡ ಲಿಪಿಯಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿಯೂ ಹುಡುಕಿ; ಒಂದೇ ಹೆಸರನ್ನು ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಕೊಟ್ಟು ನೋಡಿ. ಅಂತರ್ಜಾಲದಲ್ಲಿ ಸಿಗದದ್ದು ಇಲ್ಲವೆಂದಲ್ಲ: 1919ರಿಂದ ಬಂದ ಪ್ರಬುದ್ಧ ಕರ್ಣಾಟಕ, ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, ವಿಶ್ವವಿದ್ಯಾಲಯಗಳ ಪ್ರಸಾರಾಂಗದ ಪ್ರಕಟಣೆಗಳು ಇವುಗಳ ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಕುಳಿತು ತಿರುವಿಹಾಕದೆ ಗತ್ಯಂತರವಿಲ್ಲ.

ಶಾಸನಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹೊಲದ ಬದುವಿನಲ್ಲಿ ಕಲ್ಲೊಂದು ಕಂಡ ಕೂಡಲೇ ‘ಅಪ್ರಕಟಿತ ಶಾಸನ ಪತ್ತೆ’ ಎಂದು ಸುದ್ದಿ ಕೊಟ್ಟು, ಅದು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನ ಸಂಪುಟಗಳಲ್ಲಿ ನೂರು ವರ್ಷಕ್ಕೂ ಹಿಂದೆಯೇ ಅಚ್ಚಾಗಿದೆ ಎಂದು ಆಮೇಲೆ ತಿಳಿಯುವುದುಂಟು. ಆ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿದೆ, ಮತ್ತು ಆ ತಾಲ್ಲೂಕು ಅಂದಿನದು. ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತಾದ್ದರಿಂದ ಅಲ್ಲಿನ ಊರಿನ ಕಲ್ಲನ್ನು ಕೋಲಾರದ ಸಂಪುಟದಲ್ಲಿ ಹುಡುಕಬೇಕು. ರಾಮನಗರವನ್ನು ಕ್ಲೋಸ್‌ಪೇಟೆ ಎಂಬ ಹೆಸರಿನಲ್ಲಿ ಹುಡುಕಬೇಕು. ಬಳಿಕ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ ಸಂಪುಟಗಳು, ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳು, ಉತ್ತರ ಕರ್ನಾಟಕದ್ದಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ ಬಾಂಬೆ–ಕರ್ನಾಟಕ ಸಂಪುಟಗಳು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು ಇಷ್ಟನ್ನೂ ನೋಡಬೇಕು. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವರದಿಗಳಲ್ಲಿ ಕೆಲವು ಶಾಸನಗಳ ಸಾರ ಎರಡು ಮೂರು ಸಾಲುಗಳಲ್ಲಿ ದಾಖಲಾಗಿ, ಪೂರ್ಣ ಪಾಠ ಅಚ್ಚಾಗದೆ ಉಳಿದಿರುತ್ತದೆ. ಅಂಥ ಶಾಸನ ‘ಅಪ್ರಕಟಿತ’ ಹೌದು, ‘ಅಜ್ಞಾತ’ ಅಲ್ಲ. ಬರೆಯುವಾಗ ಈ ಎರಡು ಪದಗಳನ್ನು ಬೆರೆಸಬಾರದು.

ಇಷ್ಟೆಲ್ಲ ಹುಡುಕಿದ ಮೇಲೆ ಕಲ್ಲು ಆಗಲೇ ಪ್ರಕಟವಾಗಿದೆಯೆಂದು ತಿಳಿದರೂ ಮತ್ತೆ ಆ ಊರಿಗೆ ಹೋಗಿ, ಕಲ್ಲನ್ನು ತೊಳೆದು, ಹೊಸದಾಗಿ ಪಡಿಯಚ್ಚು ತೆಗೆದು ಹಳೆಯ ಪಾಠದೊಡನೆ ಸಾಲುಸಾಲಾಗಿ ಹೋಲಿಸಿ. ಅಂದು ಮಣ್ಣಿನಲ್ಲಿ ಹೂತಿದ್ದ ಕೆಳಗಿನ ಸಾಲುಗಳು ಇಂದು ಹೊರಗಿರಬಹುದು, ಒಂದು ಬದಿಯ ಬರಹ ಹಿಂದಿನವರಿಗೆ ಕಾಣದೆ ಹೋಗಿರಬಹುದು, ಊರ ಹೆಸರಿನ ಒಂದಕ್ಷರವನ್ನು ಬೇರೆಯಾಗಿ ಓದಿರಬಹುದು. ಹಳೆಯ ಸಂಪುಟದ ಹೆಸರು ಮತ್ತು ಶಾಸನದ ಸಂಖ್ಯೆಯನ್ನು ಮೊದಲ ಸಾಲಿನಲ್ಲಿಯೇ ಕೊಟ್ಟು, ‘ಪಾಠ ಪರಿಷ್ಕರಣೆ’ ಎಂದು ತಲೆಬರಹವಿಟ್ಟು, ವ್ಯತ್ಯಾಸವಿರುವ ಸಾಲುಗಳನ್ನು ಮಾತ್ರ ಚರ್ಚಿಸುವ ನಾಲ್ಕು ಪುಟಗಳ ಲೇಖನವನ್ನು ಅದರಿಂದ ಬರೆಯಬಹುದು.